ಓಗೊಡದ ದೀಪ

“ಏಳನೇ ಇಯತ್ತೆಗೆ ಸಾಲಿ ಬಿಟ್ಟಾಂವ ನೀ. ಗಾಜು ತೊಳೀಲಿ ಅಂತ ಒಳಗ ಬಿಟ್ಕೊಂಡೀವಿ, ಬಾಯಿ ತೆರೀಲಿ ಅಂತಲ್ಲ. ಕುರಿ ಕಾಯೋರೆಲ್ಲ ವಿಜ್ಞಾನ ಹೇಳ್ಲಿಕ್ಕೆ ನಿಂತ್ರ, ನಾವೇನು ಕಂಬಳಿ ಹೊತ್ಕೊಂಡು ಕುರಿ ಹಿಂದ ಹೋಗೂಣೇನು?”

ಇಷ್ಟು ಹೇಳಿ ಡಾಕ್ಟರ್ ಇನಾಮದಾರರು ನಕ್ಕರು. ನಿರ್ದೇಶಕರು ನಕ್ಕರೆ ಉಳಿದವರೂ ನಗಬೇಕೆಂಬುದು ಉಸಿರು ಕೇಂದ್ರದಲ್ಲಿ ಯಾರೂ ಬರೆಯದ ಕಾನೂನು. ಸೋಮವಾರದ ಸಭೆಗೆ ಕೂತಿದ್ದ ನಲವತ್ತು ಮಂದಿ ನಕ್ಕರು. ಚಹಾ ತಂದ ಬಸಮ್ಮ ಕೂಡ ಸೆರಗು ಬಾಯಿಗಿಟ್ಟು ನಕ್ಕಳು. ಗೋಡೆಯ ತುಂಬ ಹರಡಿದ್ದ ಸೀಮೆಯ ನಕಾಶೆ ಮಾತ್ರ ನಗಲಿಲ್ಲ. ಅದು ಚುಕ್ಕಿಯಿಲ್ಲದ ಆಕಾಶದ ಹಾಗೆ ಕಪ್ಪಗೆ ಹಬ್ಬಿಕೊಂಡಿತ್ತು.

ಮಾಳಿಂಗ ಗಾಜಿನ ತಟ್ಟೆಗಳ ತಳ್ಳುಗಾಡಿ ಹಿಡಿದು ಬಾಗಿಲಲ್ಲಿ ನಿಂತಿದ್ದ. ವಯಸ್ಸು ಇಪ್ಪತ್ತಮೂರು, ಸಿಟ್ಟು ಮಾತ್ರ ಅವನ ಮುತ್ತಜ್ಜನ ಕಾಲದ್ದು. ಅದಕ್ಕೆ ಮುಂಚೆ ಅವನು ಆಡಿದ್ದು ಒಂದೇ ಮಾತು: “ಸರ್, ನಕಾಶಿ ಇಷ್ಟು ಕಪ್ಪಗಿರೂದು ಚಲೋ ಅಲ್ರಿ. ಒಮ್ಮಿ ಕೂಗಿ ನೋಡ್ರಿ.” ಅಷ್ಟಕ್ಕೆ ಇಷ್ಟು. ಗಾಡಿ ತಿರುಗಿಸಿದ. ಗಾಲಿ ಕೀಂಯ್ ಎಂದಿತು. ಜನ ಅದಕ್ಕೂ ನಕ್ಕರು.

ಕಪ್ಪು ಒಳ್ಳೆಯದಾದದ್ದು ಹೇಗೆಂದು ಮೊದಲು ಹೇಳಬೇಕು.

ಡೋಣಿ ನದಿಯ ಸಾಲಿನ ಊರುಗಳಲ್ಲಿ ಆ ಕಾಲಕ್ಕೆ ಪ್ರತಿ ಮನೆಯ ಗೋಡೆಗೂ ಒಂದು ಉಸಿರುದೀಪವಿತ್ತು. ಅಂಗೈಯಗಲದ ಗಾಜಿನ ಬುರುಡೆ. ಒಳಗೆ ಉಳ್ಳಾಗಡ್ಡಿಯ ಪೊರೆಯಷ್ಟು ತೆಳ್ಳಗಿನ ಒಂದು ಬಿಲ್ಲೆ. ಜನ ಅದನ್ನು ಬತ್ತಿ ಎನ್ನುತ್ತಿದ್ದರು. ಅದು ಹತ್ತಿಯ ಬತ್ತಿಯಲ್ಲ. ಮನುಷ್ಯರ ಶ್ವಾಸನಾಳದ ಒಳಮೈಯಿಂದ ತೆಗೆದು ಕೇಂದ್ರದಲ್ಲಿ ಬೆಳೆಸಿದ ಜೀವಕೋಶಗಳ ಬತ್ತಿ. ಬೆಳಿಗ್ಗೆ ಮಾರಿ ತೊಳೆದ ಮೇಲೆ ಮನೆಮಂದಿಯೆಲ್ಲ ಅದಕ್ಕೆ ಒಂದೊಂದು ಸಲ ಊದುವರು. ಉಸಿರಿನಲ್ಲಿ ವೈರಸ್ಸಿದ್ದರೆ ಅದು ಬತ್ತಿಯ ಕೋಶದೊಳಗೆ ಹೊಗುತ್ತದೆ. ಅದು ಹೊಕ್ಕ ಕೋಶ ಸುಮ್ಮನೆ ಸಾಯುವುದಿಲ್ಲ. ಇಂಟರ್‌ಫೆರಾನ್ ಎಂಬ ರಸ ಹೊರಚೆಲ್ಲಿ ನೆರೆಹೊರೆಗೆ ಕೂಗು ಹಾಕುತ್ತದೆ: ನಾ ಕೆಟ್ಟೆ, ನೀವು ಬಾಗಿಲು ಹಾಕಿಕೊಳ್ಳಿ! ಕೂಗು ಕೇಳಿದ ಕೋಶಗಳು ಅಗುಳಿ ಹಾಕಿಕೊಳ್ಳುತ್ತವೆ. ಕೇಂದ್ರದವರು ಮಾಡಿದ್ದಿಷ್ಟೇ, ಆ ಕೂಗಿಗೆ ಬೆಳಕು ಹಚ್ಚಿದರು. ಕೂಗೆದ್ದರೆ ಬತ್ತಿ ಹಸಿರಾಗಿ ಹೊಳೆಯುವುದು, ನಕಾಶೆಯಲ್ಲಿ ಆ ಮನೆಯ ಚುಕ್ಕಿಯೂ ಹೊಳೆಯುವುದು. ಹಸಿರಾದ ಮನೆಗೆ ಔಷಧ ಬರುತ್ತಿತ್ತು. ಕಪ್ಪಗಿದ್ದ ಮನೆ ಕೆಲಸಕ್ಕೆ ಹೋಗುತ್ತಿತ್ತು.

ಹನ್ನೊಂದು ವರ್ಷದಲ್ಲಿ ಜನ ಇದಕ್ಕೆ ಎಷ್ಟು ಒಗ್ಗಿಹೋದರೆಂದರೆ, ಎದುರಾದವರು “ಆರಾಮ್ರಿ?” ಎನ್ನುವುದು ಬಿಟ್ಟು “ದೀಪ ಕಪ್ಪಗದ ಹೌದಿಲ್ರಿ?” ಎನ್ನತೊಡಗಿದರು. ಹೆಣ್ಣು ನೋಡಲು ಬಂದವರು ಜಾತಕಕ್ಕಿಂತ ಮೊದಲು ಗೋಡೆ ನೋಡಿದರು. ಕಾಲಿಗೆ ಬಿದ್ದ ಸೊಸೆಯನ್ನು ಎತ್ತಿ “ನಿನ್ನ ಮನಿ ದೀಪ ಕಪ್ಪಗಿರಲಿ” ಎಂದು ಹರಸುವ ಅತ್ತೆಯರು ಹುಟ್ಟಿಕೊಂಡರು. ದೀಪ ಆರಿತು ಎನ್ನಲೂ ಹೆದರಿ ‘ದೊಡ್ಡದಾಯಿತು’ ಎನ್ನುತ್ತಿದ್ದ ಹಳೆಯ ಮುದುಕಿಯರು ಮಾತ್ರ ಈ ಹರಕೆ ಕೇಳಿದಾಗಲೆಲ್ಲ ನೆಟಿಗೆ ಮುರಿದು ನೆಲಕ್ಕೆ ಉಗುಳುತ್ತಿದ್ದರು.

ಆ ವರ್ಷ ದ್ರಾಕ್ಷಿ ಒಣಗಿಸುವ ಶೆಡ್ಡುಗಳಲ್ಲಿ ಮಂದಿ ಸಾಯತೊಡಗಿದರು. ಐದು ವಾರದಲ್ಲಿ ಹದಿನಾಲ್ಕು ಜನ. ಜ್ವರವಿಲ್ಲ, ಕೆಮ್ಮಿಲ್ಲ. ಸಾಯುವ ಹಿಂದಿನ ದಿನದ ತನಕ ಹಾಡುತ್ತ, ನಗುತ್ತ ಇದ್ದವರು. ಮನೆಯ ದೀಪ ಕಪ್ಪು. ದೀಪ ಕಪ್ಪಗಿದ್ದ ಮೇಲೆ ರೋಗ ಹೇಗಾದೀತು? ದ್ರಾಕ್ಷಿಗೆ ಹಾಕುವ ಗಂಧಕದ ಹೊಗೆ ಎದೆಗೆ ಹೋಗಿದೆ ಎಂದು ಕೇಂದ್ರ ಬರೆದು ಮುಗಿಸಿತು.

ಮಾಳಿಂಗನ ಅಕ್ಕ ಕೆಂಚವ್ವ ಅಂಥದೊಂದು ಶೆಡ್ಡಿನಲ್ಲಿ ದ್ರಾಕ್ಷಿ ಆರಿಸುತ್ತಿದ್ದಳು. ಅವನಿಗಿಂತ ಹನ್ನೆರಡು ವರ್ಷ ದೊಡ್ಡವಳು. ಅವ್ವ ಸತ್ತ ಮೇಲೆ ಅವನನ್ನು ಬೆನ್ನಿಗೆ ಕಟ್ಟಿಕೊಂಡು ಕುರಿ ಹಿಂದೆ ನಡೆದವಳು. ಅಪ್ಪ ಸತ್ತು ಕುರಿ ಮಾರಿದ ಮೇಲೆ ಅಪ್ಪನ ಕಂಬಳಿಯೊಂದನ್ನು ಉಳಿಸಿಕೊಂಡು ಅವನನ್ನು ಊರಿಗೆ ತಂದವಳು. ಅವನಿಗೆ ಲೋಕದಲ್ಲಿ ಇದ್ದದ್ದು ಅವಳೊಬ್ಬಳೇ.

ಆ ಸೋಮವಾರ ಹೊತ್ತು ಮುಳುಗುವಾಗ ಅವನು ಮನೆಗೆ ಬಂದರೆ ಕೆಂಚವ್ವ ಹೊಸ್ತಿಲ ಮೇಲೆ ಕೂತು ತನ್ನ ಕೈಗಳನ್ನು ಹೊಸದಾಗಿ ಕಂಡವಳ ಹಾಗೆ ನೋಡುತ್ತಿದ್ದಳು. ಬೆರಳುಗಳಿಗೆ ಗಂಧಕದ ಹಳದಿ ಹತ್ತಿತ್ತು.

“ಯಾಕಲೇ ತಮ್ಮಾ, ಮಾರಿ ಸುಟ್ಟ ಬದನಿಕಾಯಿ ಆಗೇತಲ್ಲ? ಯಾರರ ಬೈದ್ರೇನು?”

“ಬೈದ್ರ ಬೈಲಿ ಬಿಡು. ನಾಲ್ವತ್ತು ಮಂದಿ ನಕ್ರು.”

“ನಗಲಿ ಬಿಡೋ. ನಗೂದು ಚಲೋ. ನಾನೂ ಮುಂಜಾನಿಂದ ನಗಾಕತ್ತೇನಿ, ಯಾಕಂತ ಗೊತ್ತಿಲ್ಲ.” ಅವಳು ನಿಜಕ್ಕೂ ನಕ್ಕಳು. “ಮೈನ ಇಲ್ಲದಂಗ ಆಗೇತಿ ನೋಡು. ಹತ್ತಿ ಆಗೇನಿ. ಊದಿದ್ರ ಹಾರತೇನಿ. ಮಧ್ಯಾಹ್ನ ಕುಂತಲ್ಲೇ ಕಣ್ಣು ಹತ್ತಿತು. ಅಪ್ಪ ಬಂದಿದ್ದ. ನಮ್ಮ ಕುರಿ ಎಲ್ಲಾ ಶೆಡ್ಡಿನ ತಗಡಿಗೆ ಕಾಲು ಹಚ್ಚಿ, ತಲಿ ಕೆಳಗ ಮಾಡಿ ಮೇಯಾಕತ್ತಿದ್ವು. ಮೈಯಾನ ತುಪ್ಪಳ ಮಳಿ ಬಂದಂಗ ಉದರತಿತ್ತು. ಎಷ್ಟು ಕುರಿ ಅಂತಿ! ಒಂದೂ ಒದರವಲ್ದು.”

ಮಾಳಿಂಗ ಅವಳ ಹಣೆ ಮುಟ್ಟಿದ. ನೀರಿನ ಗಡಿಗೆಯ ಹಾಗೆ ತಣ್ಣಗಿತ್ತು. ತುಟಿಗೆ ಕರಿದ್ರಾಕ್ಷಿಯ ಬಣ್ಣ ಬಂದಿತ್ತು. ‘ಹತ್ತಿ ಆಗೇನಿ’ ಎಂಬ ಮಾತನ್ನು ಅವನು ಹಿಂದಿನ ವಾರ ಎರಡು ಹೆಣದ ಮನೆಗಳಲ್ಲಿ ಕೇಳಿದ್ದ. ಸತ್ತವರು ಹಾಗೇ ಅಂದಿದ್ದರಂತೆ.

ಅವನು ಓಣಿಯ ತುದಿಗೆ ಹೋಗಿ ನಿಂತು ಕೂಗಿದ. “ಯಕ್ಕಾ...”

ಚಿಕ್ಕಂದಿನಿಂದ ಅವನು ಕೂಗಿದ್ದು ಮುಗಿಯುವ ಮೊದಲೇ “ಓ ತಮ್ಮಾ” ಎಂದು ಬರುತ್ತಿತ್ತು. ಈಗ ಅವನು ಒಂದು ಉಸಿರು ಕಾದ. ಎರಡು. ಮೂರನೆಯದಕ್ಕೆ ಬಾವಿಯ ತಳದಿಂದ ಬಂದಂಥ ಒಂದು ತುಂಡು ಓ ಬಂತು.

ಅಲ್ಲಿಂದಲೇ ಆಸ್ಪತ್ರೆಗೆ ಕರೆದೊಯ್ದ. ಬಾಗಿಲಲ್ಲಿ ಕೂತವನು ತಲೆಯೆತ್ತದೆ ಕೇಳಿದ, “ದೀಪ?” ಕಪ್ಪು ಎಂದಾಗ, “ಹಂಗಾರ ಏನೂ ಇಲ್ಲ. ಮುಂದ ಬರ್ರಿ” ಎಂದು ಅವರ ಹಿಂದೆ ನಿಂತವನಿಗೆ ಹೇಳಿದ. ಮರಳುವ ದಾರಿಯುದ್ದಕ್ಕೂ ಕೆಂಚವ್ವ ನಗುತ್ತ, ತಮ್ಮನ ಹೆಗಲು ಹಿಡಿದು, ನೆಲ ಮುಟ್ಟದವಳ ಹಾಗೆ ನಡೆದಳು.

ಮರುದಿನ ಬೆಳಿಗ್ಗೆ ಮಾಳಿಂಗ ತನ್ನ ಮನೆಯ ದೀಪ ಕಿತ್ತ. ಓಣಿಯ ಇನ್ನೂ ಹನ್ನೊಂದು ಮನೆಯ ದೀಪ ಕಿತ್ತ. ತಿಂಗಳಿಗೊಮ್ಮೆ ಆ ಓಣಿಯ ಬತ್ತಿ ಬದಲಿಸುವುದು ಹೇಗೂ ಅವನ ಕೆಲಸ.

“ತಿಂಗಳ ತುಂಬಿಲ್ಲಲ್ಲೋ, ಈಗ್ಯಾಕ ಕೀಳ್ತಿ?” ಎಂದಳು ನೆರೆಮನೆಯ ಶಾಂತವ್ವ.

“ಹೊಸ ನಮೂನಿ ಬತ್ತಿ ಬಂದೈತ್ರಿ” ಎಂದು ಸುಳ್ಳು ಹೇಳಿದ. ಹನ್ನೆರಡು ದೀಪಗಳನ್ನು ಬುಟ್ಟಿಯಲ್ಲಿಟ್ಟುಕೊಂಡು ಕೇಂದ್ರದ ಹಿಂದಿನ ಬಾಗಿಲಿಂದ ಫರ್ಜಾನಾ ಮುಲ್ಲಾಳ ಕೋಣೆಗೆ ಹೋದ. ಆಕೆ ಅಲ್ಲಿಯ ಕಿರಿಯ ವಿಜ್ಞಾನಿ. ನಿನ್ನೆಯ ಸಭೆಯಲ್ಲಿ ನಕ್ಕವರಲ್ಲಿ ಆಕೆಯೂ ಒಬ್ಬಳು. ಅದಕ್ಕೆ ಅವನನ್ನು ಕಂಡೊಡನೆ ಮಾರಿ ಕೆಳಗೆ ಹಾಕಿದಳು.

“ಮೇಡಂ, ಒಂದು ಕೇಳತೇನಿ. ಕಳ್ಳ ಕನ್ನ ಹಾಕೂ ಮೊದಲ ಏನು ಮಾಡತಾನ?”

“ನಾಯಿಗೆ ರೊಟ್ಟಿ ಹಾಕತಾನ.”

“ವೈರಸ್ಸಿಗೆ ಅಷ್ಟು ಬುದ್ಧಿ ಇರೂದಿಲ್ಲೇನ್ರಿ?”

ಫರ್ಜಾನಾ ಪೆನ್ನು ಕೆಳಗಿಟ್ಟಳು. “ಇರತೈತಿ ಮಾಳಿಂಗ. ಬುದ್ಧಿ ಅಲ್ಲ, ಆದ್ರ ಇರತೈತಿ. ಕೋಶದಾಗ ಕಾವಲಗಾರರು ಇರತಾರ, ಗುರುತಿಲ್ಲದ ಬರಹ ಕಂಡ್ರ ಬೊಬ್ಬಿ ಹೊಡ್ಯಾಕ. ಕೆಲವು ವೈರಸ್ಸು ತಮ್ಮ ಬರಹದ ಮ್ಯಾಲ ಮುಸುಕು ಹಾಕತಾವ, ಕಾವಲಗಾರಗ ಕಾಣೂದ ಇಲ್ಲ. ಕೆಲವು ಕಾವಲಗಾರನ ಬಾಯಿ ಹೊಲಿತಾವ. ಕೆಲವು ಹೊಂಟ ಸುದ್ದೀನ ದಾರ್‍ಯಾಗ ಹರದು ಒಗಿತಾವ. ಎಲ್ಲಾವೂ ಅಷ್ಟಿಷ್ಟು ಮಾಡತಾವ. ಆದ್ರ ಪೂರಾ ಬಾಯಿ ಮುಚ್ಚಿಸಿದ್ದು ಇನ್ನೂ ಬಂದಿಲ್ಲ.”

“ಬಂದ್ರ ಹೆಂಗ ಗೊತ್ತಾಗತೈತ್ರಿ? ದೀಪ ಕಪ್ಪಗ ಇರತೈತಿ. ಜ್ವರಾನೂ ಬರೂದಿಲ್ಲ, ಹೌದಿಲ್ರಿ?”

ಜ್ವರ ರೋಗದ ಕೆಲಸವಲ್ಲ, ಮೈಯ ಕೂಗು. ಕೂಗು ಕತ್ತರಿಸಿದರೆ ಮೈ ತಣ್ಣಗೆ, ನಗುನಗುತ್ತ, ಉಸಿರು ಸಾಲದೆ ಹಗುರಾಗುತ್ತ ಮುಳುಗುತ್ತದೆ. ಇದು ಫರ್ಜಾನಾಗೆ ಗೊತ್ತಿತ್ತು. ಹದಿನಾಲ್ಕು ಹೆಣಗಳ ಮುಂದೆಯೂ ಯಾರೂ ಇದನ್ನು ಕೇಳಿರಲಿಲ್ಲ. ಆಕೆಯೂ ಕೇಳಿರಲಿಲ್ಲ.

ಮಾಳಿಂಗ ಹೇಳಿದ: “ಬ್ಯಾಸಗಿಗೆ ನಾವು ಗೊಬ್ಬರಕ್ಕಂತ ಎರಿಹೊಲದಾಗ ಕುರಿ ನಿಲ್ಲಸತಿದ್ವಿ. ಐದು ಮನಿತನ, ಐದು ದಡ್ಡಿ. ಮುಳ್ಳಬೇಲಿ ಹಾಕಿ ಒಳಗ ಕುರಿ ಕೂಡೂದು. ಒಂದು ದಡ್ಡಿಗೆ ಇನ್ನೊಂದು ಕಾಣೂದಿಲ್ಲ. ಹೊತ್ತು ಮುಣುಗಿದ ಮ್ಯಾಲ ನಮ್ಮಪ್ಪ ‘ಹೋಯ್’ ಅಂತ ಕೂಗಾಂವ. ಒಂದೊಂದು ದಡ್ಡಿಯಿಂದ ‘ಓ’ ಬರಬೇಕು. ನಮ್ಮಪ್ಪ ಹೇಳತಿದ್ದ: ನಾಯಿ ಬೊಗಳೂ ದಡ್ಡಿಗೆ ಓಡಬ್ಯಾಡ. ಅಲ್ಲಿ ನಾಯಿ ಐತಿ, ಮಂದಿ ಎಚ್ಚರ ಅದಾರ. ಓ ಅನ್ನಲಾರದ ದಡ್ಡಿಗೆ ಓಡು. ತೋಳ ಮೊದಲ ನಾಯಿ ಕುತಿಗಿ ಹಿಡೀತೈತಿ.”

ಅವನು ಕಪಾಟಿನಲ್ಲಿದ್ದ ಬಿಳಿ ಶೀಶೆಯತ್ತ ಬೆರಳು ಮಾಡಿದ.

“ನೀವು ಬತ್ತಿ ಹೊರಗ ಕಳಸೂ ಮೊದಲ ನೂರಕ್ಕ ಒಂದು ಬತ್ತಿಗೆ ಆ ಬಿಳಿ ಶೀಶಾದ್ದು ಒಂದು ಹನಿ ಹಾಕಿ ನೋಡತೀರಿ. ಹೊಳದ್ರ ಕಳಸತೀರಿ. ಆ ತಟ್ಟಿ ತೊಳ್ಯಾಂವ ನಾನ. ಮನಿಗೆ ಹೋದ ಬತ್ತಿಗೆ ಆ ಹನಿ ಯಾರು ಹಾಕಿ ನೋಡ್ಯಾರ್ರಿ?”

ಬಿಳಿ ಶೀಶೆಯಲ್ಲಿದ್ದದ್ದು ವೈರಸ್ಸಲ್ಲ, ವೈರಸ್ಸಿನ ವೇಷ. ಕಾವಲುಗಾರ ಕಂಡು ಕೂಗಲೆಂದು ಮಾಡಿದ ಹುಸಿ ಬರಹ. ಒಳ್ಳೆಯ ಕೋಶ ಅದಕ್ಕೆ ಮೋಸಹೋಗಿ ಹೊಳೆಯಬೇಕು, ಆಮೇಲೆ ತಣ್ಣಗಾಗಬೇಕು. ಬಾಯಿ ಹೊಲಿಸಿಕೊಂಡ ಕೋಶ ಮಾತ್ರ ಏನು ಮಾಡಿದರೂ ಹೊಳೆಯದು.

“ಯಾ ಅಲ್ಲಾ” ಎಂದಳು ಫರ್ಜಾನಾ, ಬಹಳ ಮೆಲ್ಲಗೆ. “ಹನ್ನೊಂದು ವರ್ಷ ನಾವು ಬೊಗಳಿದ ನಾಯಿ ಅಷ್ಟ ಎಣಿಸಿವಿ.”

ಹನ್ನೆರಡು ಬತ್ತಿಗಳಿಗೂ ಒಂದೊಂದು ಹನಿ ಹಾಕಿ ಕಿಟಕಿಯಿಲ್ಲದ ಕೋಣೆಯಲ್ಲಿ ಸಾಲಾಗಿ ಇಟ್ಟರು. ಐದು ತಾಸು ಬೇಕು. ಹೊರಗೆ ರಣಬಿಸಿಲು, ಒಳಗೆ ತಮ್ಮ ಕೈ ತಮಗೇ ಕಾಣದು. ಮಾಳಿಂಗನಿಗೆ ಗೋಡೆಗಳು ಕರಗಿ ಎರೆಹೊಲವಾದ ಹಾಗನಿಸಿತು. ಎಲ್ಲೋ ಅಪ್ಪ ಚುಟ್ಟಾ ಸೇದುತ್ತಿದ್ದಾನೆ. ಅಕ್ಕನ ಬೆನ್ನಿನ ಬೆವರಿನ ವಾಸನೆ. ತನ್ನ ಸಿಟ್ಟು ಕಾಲ ಬುಡದಲ್ಲಿ ನಾಯಿಯ ಹಾಗೆ ಮಲಗಿದೆ.

ಮೊದಲು ಒಂದು ಬತ್ತಿ ಮಿಣುಕಿತು. ಮಿಂಚುಹುಳ ರೆಕ್ಕೆ ಬಿಚ್ಚಿದಷ್ಟು. ಆಮೇಲೆ ಇನ್ನೊಂದು. ಆಮೇಲೆ ಎರಡು ಕೂಡಿ. ನೀರಿನೊಳಗೆ ಜೋಳದ ಮೊಳಕೆ ಎದ್ದ ಹಾಗೆ ಹಸಿರು ಬೆಳಕು ಎದ್ದು ಫರ್ಜಾನಾಳ ಮುಖ ಕಾಣಿಸಿತು. ಆಕೆ ಬೆರಳು ಮಾಡಿ ಎಣಿಸುತ್ತಿದ್ದಳು. ಒಂಬತ್ತು ಓ ಎಂದವು.

ಮೂರು ಅನ್ನಲಿಲ್ಲ. ಅವುಗಳಲ್ಲಿ ನಡುವಿನದರ ಬುರುಡೆಗೆ ಕೆಂಚವ್ವ ಇಟ್ಟ ಕುಂಕುಮವಿತ್ತು.

“ಹೋಯ್” ಎಂದ ಮಾಳಿಂಗ, ಅದಕ್ಕೆ ಬಾಯಿ ಹಚ್ಚಿ. “ಯಕ್ಕಾ, ಹೋಯ್...”

ಫರ್ಜಾನಾ ಹನ್ನೆರಡನ್ನೂ ತಟ್ಟೆಯಲ್ಲಿಟ್ಟು ಇನಾಮದಾರರ ಕೋಣೆಗೆ ಹೊರಟಳು. ಹೋಗುವ ಮೊದಲು ಇನ್ನೊಂದು ಕೆಲಸ ಮಾಡಿದ್ದಳು. ಮಧ್ಯಾಹ್ನ ಅವರು ಊಟಕ್ಕೆ ಎದ್ದಾಗ, ಬಂದವರಿಗೆಲ್ಲ ತೋರಿಸಲೆಂದು ಅವರು ಮೇಜಿನ ಮೇಲಿಟ್ಟುಕೊಂಡಿದ್ದ ಬೆಳ್ಳಿಕಟ್ಟಿನ ದೀಪಕ್ಕೂ ಒಂದು ಹನಿ ಹಾಕಿದ್ದಳು. ಸಂಜೆ ಇವರಿಬ್ಬರೂ ಒಳಹೊಕ್ಕಾಗ ಅದು ಸರಿಯಾಗಿ ಹೊಳೆಯತೊಡಗಿತ್ತು. ಇನಾಮದಾರರು ಕುರ್ಚಿಯಿಂದ ಹಾರಿ, ಕರವಸ್ತ್ರ ಮೂಗಿಗೆ ಒತ್ತಿಕೊಂಡು, ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದರು.

“ದೂರ ನಿಲ್ರಿ! ನನ್ನ ದೀಪ ಹಸರಾಗೇದ!”

“ಹೆದರಬ್ಯಾಡ್ರಿ ಸರ್. ಹಸರಾದ್ರ ನೀವು ಆರಾಮ ಅದೀರಿ. ಆಗಲಾರದ್ದು ಇಲ್ಲೈತಿ ನೋಡ್ರಿ.”

ಆಕೆ ಹೇಳುತ್ತ ಹೋದಳು. ಬಾಗಿಲಲ್ಲಿ ನಿಂತ ಮಾಳಿಂಗ ಆ ಕರವಸ್ತ್ರ ಮೆಲ್ಲಗೆ ಇಳಿದದ್ದನ್ನು ನೋಡಿದ. ನಗಬೇಕೆನಿಸಿತು, ನಗೆ ಬರಲಿಲ್ಲ. ಔಷಧದ ಚೀಟಿಯ ಮೇಲೆ ಸಹಿ ಬಿದ್ದೊಡನೆ ಅದನ್ನು ಅವರ ಕೈಯಿಂದ ಎಳೆದುಕೊಂಡು ಓಡಿದ.

ಕೆಂಚವ್ವ ಬರಲೊಲ್ಲೆ ಎಂದಳು. “ನನಗೇನಾಗೇತೋ? ದೀಪ...” ಎನ್ನುತ್ತ ಬರಿಗೋಡೆ ನೋಡಿ ನಕ್ಕಳು. ಅವನು ಕಾಲು ಮುರಿದ ಕುರಿಯನ್ನು ಹೊರುವ ಹಾಗೆ ಅವಳನ್ನು ಹೆಗಲಿಗೆ ಹಾಕಿಕೊಂಡು ನಡೆದ. ಈ ಸಲ ಆಸ್ಪತ್ರೆಯ ಬಾಗಿಲು ದೀಪ ಕೇಳಲಿಲ್ಲ.

ಔಷಧವೆಂದರೆ ಬೇರೇನಲ್ಲ, ಆ ಕೂಗೇ. ಅವಳ ಮೈ ಹಾಕಲಾರದ ಕೂಗನ್ನು ಹೊರಗಿನಿಂದ ಉಗಿ ಮಾಡಿ ಮೂಗಿಗೆ ಬಿಟ್ಟರು. ವೈರಸ್ ಹೊಕ್ಕ ಕೋಶ ಹೋಗಲಿ, ಹೊಗದಿದ್ದ ನೆರೆಯವರಾದರೂ ಅದನ್ನು ಕೇಳಿ ಅಗುಳಿ ಹಾಕಿಕೊಳ್ಳಲೆಂದು.

“ಇನ್ನ ಜ್ವರಕ್ಕ ಕಾಯಬೇಕು” ಎಂದಳು ಫರ್ಜಾನಾ. “ಜ್ವರ ಬಂದ್ರ ಮೈ ಕೂಗು ಕೇಳ್ತು ಅಂತ ತಿಳಿ. ಬರಲಿಲ್ಲಂದ್ರ...”

ಬುಧವಾರವೆಲ್ಲ ಮಾಳಿಂಗ ಹಾಸಿಗೆಯ ಪಕ್ಕ ಕೂತು ಅಕ್ಕನ ಹಣೆಯ ಮೇಲೆ ಕೈಯಿಟ್ಟುಕೊಂಡಿದ್ದ. ಯಾರೂ ಬೇಡದ್ದನ್ನು ಬೇಡಿಕೊಂಡ: ಬೆಂಕಿ ಬರಲಿ, ಈ ಮೈ ಸುಡಲಿ. ಹಣೆ ತಣ್ಣಗೇ ಇತ್ತು. ಹೊದಿಸಿದ್ದನ್ನು ಅವಳು ಮತ್ತೆ ಮತ್ತೆ ಒದ್ದಳು. “ಭಾರ ಆಕ್ಕೇತಿ ತಮ್ಮಾ. ಕುರಿ ಕರ್‍ಯಾಕತ್ತಾವ. ಬಿಡು, ಹಾರತೇನಿ.”

“ಹಾರಬ್ಯಾಡ” ಎಂದ. “ಹಾರಿದ್ರ ನೋಡು, ಅಪ್ಪಗ ಹೇಳತೇನಿ.”

ಅದೇ ದಿನದಿಂದ ಬತ್ತಿ ಬದಲಿಸುವ ಆರುನೂರು ಹೆಂಗಸರು ಬಿಳಿ ಶೀಶೆ ಹಿಡಿದು ಸೀಮೆಯ ಓಣಿ ಓಣಿಗೆ ಹೋಗತೊಡಗಿದರು. ದೀಪ ಹಸಿರಾಗುವುದನ್ನು ಕಂಡು ಜನ ಅತ್ತರು, ಬೈದರು, ಬಾಗಿಲು ಹಾಕಿಕೊಂಡರು. “ಬೆಳಗಿದ್ರ ಚಲೋರಿ, ಬೆಳಗಿದ್ರ ಚಲೋ” ಎಂದು ಹೇಳಿ ಹೇಳಿ ಆ ಹೆಂಗಸರ ಗಂಟಲು ಬಿದ್ದುಹೋಯಿತು. ಹಳೆಯ ಮುದುಕಿಯರು ಮಾತ್ರ ಹಸಿರಾದ ದೀಪದ ಮುಂದೆ ಕೈಮುಗಿದು ಕೂತರು. ಅವರಿಗೆ ಯಾರೂ ಏನೂ ಹೇಳಬೇಕಾಗಿರಲಿಲ್ಲ.

ಗುರುವಾರ ಮಧ್ಯಾಹ್ನ ಮತ್ತೆ ಸಭೆ. ರಾಜಧಾನಿಯಿಂದ ಸಾಹೇಬರು ಬಂದಿದ್ದರು. ಎರಡು ರಾತ್ರಿ ಆಸ್ಪತ್ರೆಯಲ್ಲೇ ಕೂತಿದ್ದ ಮಾಳಿಂಗನನ್ನು ಜೀಪು ಕಳಿಸಿ ಕರೆಸಿದ್ದರು. ಅವನು ಅದೇ ಬಾಗಿಲಲ್ಲಿ, ಅದೇ ಗಾಡಿಗೆ ಆತು ನಿಂತ. ನಕಾಶೆ ಹಸಿರಾಗುತ್ತ ಹೋಯಿತು. ಊರಿಂದ ಊರಿಗೆ, ಹೊಳೆಯ ದಂಡೆಗುಂಟ, ಮಳೆ ಬಿದ್ದ ಎರಡನೇ ವಾರದ ಹೊಲದ ಹಾಗೆ. ಅದರೊಳಗೆ ಅಲ್ಲಲ್ಲಿ ಹುಳು ತಿಂದಂಥ ಕಪ್ಪು ತೂತುಗಳು ಉಳಿದವು. ಇನ್ನೂರ ಹನ್ನೊಂದು. ಪ್ರತಿ ತೂತಿನ ಕಡೆಗೂ ಔಷಧದ ಒಂದೊಂದು ಗಾಡಿ ಓಡುತ್ತಿತ್ತು.

“ನಮ್ಮ ಕೇಂದ್ರದ ಹೊಸ ಪದ್ಧತಿ” ಎಂದು ಇನಾಮದಾರರು ಹೇಳುತ್ತಿದ್ದರು. “ಇದರ ಹಿಂದ ಒಂದು ಸ್ವಾರಸ್ಯದ ಕಥಿ ಅದ. ನಮ್ಮ ಹುಡುಗನ ಹೇಳ್ತಾನ.”

ಅಷ್ಟರಲ್ಲಿ ಫರ್ಜಾನಾಳ ಫೋನು ನಡುಗಿತು. ಕಿವಿಗಿಟ್ಟು ಕೇಳಿದಳು. ಎದ್ದು ಬಂದು ಮಾಳಿಂಗನ ಕಿವಿಯ ಹತ್ತಿರ ಬಾಗಿದಳು.

“ವಾರ್ಡಿನಿಂದ. ನಿಮ್ಮಕ್ಕ ಗಡಗಡ ನಡಗಾಕತ್ತಾಳಂತ. ಮೈ ಕೆಂಡ ಆಗೇತಂತ. ಚಳಿ ಚಳಿ ಅಂತ ಕಂಬಳಿ ಕೇಳಾಕತ್ತಾಳಂತ. ಆಸ್ಪತ್ರಿ ಚಾದರ ಹೊಚ್ಚಿದ್ರ ಬೈಯಾಕತ್ತಾಳಂತ, ಅಪ್ಪನ ಕಂಬಳಿನ ಬೇಕಂತ.”

ಮಾಳಿಂಗ ಗಾಡಿಯ ಹಿಡಿಕೆ ಬಿಟ್ಟ. ಕಣ್ಣಿಗೆ ನಕಾಶೆಯ ಹಸಿರೆಲ್ಲ ಕಲಸಿ ಒಂದಾಯಿತು.

“ಏ ಮಾಳಿಂಗಾ, ಬಾ ಇಲ್ಲೆ. ಆ ಕುರಿ ದಡ್ಡಿದು ಸಾಹೇಬ್ರಿಗೆ ಹೇಳು.” ಇನಾಮದಾರರು ಕರೆದರು.

ಅವನು ತಿರುಗಿದ, ಬಾಗಿಲ ಕಡೆಗೆ.

“ಮಾಳಿಂಗಪ್ಪಾ, ಕೇಳಸ್ತಿಲ್ಲೋ?”

ಅವನು ಹೊಸ್ತಿಲು ದಾಟಿದ.

“ಮಾಳಿಂಗಪ್ಪನವರ! ನಿಮ್ಮನ್ನ ಕರೀಲಿಕ್ಹತ್ತೀನ್ರಿ!”

ಯಾರೂ ನಗಲಿಲ್ಲ. ನಲವತ್ತು ಮಂದಿ ಒಂದು ಓ ಬರುತ್ತದೆಂದು ಕಿವಿಗೊಟ್ಟು ಕೂತರು. ಅವನ ಚಪ್ಪಲಿಯ ಸಪ್ಪಳ ಮೆಟ್ಟಿಲಿಳಿಯಿತು, ಅಂಗಳದ ಬಿಸಿಲು ದಾಟಿತು, ಕಂಬಳಿ ಇದ್ದ ಮನೆಯ ಹಾದಿ ಹಿಡಿಯಿತು.